ನಮ್ಮ ಮನೆಯ ಕಣಜ

ಈ ಸಂಗತಿಯನ್ನು ನಾನು ಧೈರ್ಯವಾಗಿ ಬರೆಯಬಹುದು, ಯಾಕೆಂದರೆ ಇದು ಯಾವ ಪರೀಕ್ಷೆಗೂ ಬರುವಂಥದ್ದಲ್ಲ. ಪರೀಕ್ಷೆಗೆ ಬರುವಂಥದ್ದನ್ನು ನಮ್ಮೂರಲ್ಲಿ ಯಾರೂ ಹೀಗೆ ಹಾದಿಬೀದಿಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅದು ಹೇಳಿದವನ ತಲೆಯಿಂದ ಎದ್ದು ಕೇಳಿದವನ ತಲೆಯಲ್ಲಿ ಹೋಗಿ ಕೂತುಬಿಡುತ್ತದೆ. ಉದ್ದದ ನದಿ ಯಾವುದು, ಎತ್ತರದ ಶಿಖರ ಯಾವುದು, ಯಾವ ರಾಜ ಯಾವ ಇಸವಿಯಲ್ಲಿ ಪಟ್ಟಕ್ಕೆ ಬಂದ, ಯಾವ ಜೀವಸತ್ವ ಕಡಿಮೆಯಾದರೆ ಯಾವ ರೋಗ, ಇಂಥವು. ಪ್ರಶ್ನೆ ಉಳಿಯುತ್ತದೆ, ಉತ್ತರ ಹೋಗುತ್ತದೆ. ಹಿಟ್ಟಿನ ಡಬ್ಬಿ ಎಲ್ಲಿದೆ, ಯಾರ ಮಗಳು ಯಾರ ಜೊತೆ ಓಡಿಹೋದಳು ಎಂಬುದನ್ನು ಎಷ್ಟು ಸಲ ಹೇಳಿದರೂ ಏನೂ ಆಗುವುದಿಲ್ಲ. ಅವನ್ನೆಲ್ಲ ಸರಕಾರ ಕೇಳುವುದಿಲ್ಲವಲ್ಲ.

ಪುಸ್ತಕಕ್ಕೂ ಇದೇ ಗತಿ. ಗೈಡಿನ ಸಾಲನ್ನು ಒಬ್ಬ ಮನಸ್ಸಿಟ್ಟು ಓದಿದನೆಂದರೆ ಮರುಕ್ಷಣ ಆ ಸಾಲು ಪುಟದ ಮೇಲಿರುವುದಿಲ್ಲ. ಮಿರ್ಚಿ ಅಂಗಡಿಯಲ್ಲಿ ಕಟ್ಟಿಕೊಡುವ ಪೇಪರಿನಲ್ಲಿ ಸಿನಿಮಾ ಜಾಹೀರಾತು ಮತ್ತು ತೀರಿಹೋದವರ ಫೋಟೋ, ಇವೆರಡೇ ಉಳಿದಿರುತ್ತವೆ. ಮಿಕ್ಕದ್ದೆಲ್ಲ ಬಿಳಿ. ನಾನು ಕೆಲಸ ಮಾಡುವುದು ದಾದಾಪೀರಣ್ಣನ ಗುಜರಿ ಅಂಗಡಿಯಲ್ಲಿ. ಓದಿ ಖಾಲಿಯಾದ ಗೈಡುಗಳು ಅಲ್ಲಿಗೆ ಚೀಲಗಟ್ಟಲೆ ಬರುತ್ತವೆ. ರಟ್ಟು ಹರಿದು, ಹಾಳೆ ಬಿಡಿಸಿ, ಪೂರ್ತಿ ಬಿಳಿಯಾದದ್ದನ್ನು ಬೈಂಡಿಂಗಿಗೆ ಹಾಕಬೇಕು. ಸಣ್ಣ ಮಕ್ಕಳ ನೋಟ್‌ಬುಕ್ ಅದರಿಂದಲೇ ಆಗುತ್ತವೆ. ಕೆಲವು ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಉಳಿದಿರುತ್ತದೆ, ಓದಿದವನು ಬೇಸತ್ತು ಬಿಟ್ಟದ್ದು. ಹೆಸರೇ ಕೇಳದ ದೇಶದ ರಾಜಧಾನಿ, ಯಾವುದೋ ಕಾಯ್ದೆಯ ಕಲಂ. ಅಂಥ ಎಂಜಲು ಸಾಲುಗಳನ್ನು ಮನೆಗೆ ಒಯ್ಯಲು ದಾದಾಪೀರಣ್ಣ ಬಿಡುತ್ತಾನೆ. ಒಯ್ಯುವುದೆಂದರೆ ಓದಿಕೊಂಡು ಹೋಗುವುದು. ಮನೆಗೆ ಹೋದಮೇಲೆ ಅಣ್ಣನಿಗೆ ಹೇಳುವುದು. ಹೇಳಿ ಖಾಲಿಯಾಗಿ ಕೈಕಾಲು ತೊಳೆದು ಉಣ್ಣುವುದು.

ಒಂದು ಸಂಗತಿ ಒಂದೇ ತಲೆಯಲ್ಲಿ ಇರಲು ಸಾಧ್ಯ ಎಂದಮೇಲೆ ಮನೆಯಲ್ಲಿ ನಾಲ್ಕು ತಲೆಗಳಿಗೆ ಹಂಚಿ ಏನುಪಯೋಗ? ಅದಕ್ಕೇ ನಮ್ಮೂರಲ್ಲಿ ಪ್ರತಿ ಮನೆಯೂ ಒಬ್ಬರನ್ನು ಆರಿಸುತ್ತದೆ. ಅವರಿಗೆ ಕಣಜ ಎನ್ನುತ್ತಾರೆ. ಮನೆಮಂದಿಯೆಲ್ಲ ತಮಗೆ ಗೊತ್ತಾದದ್ದನ್ನು ಆ ಕಣಜಕ್ಕೆ ಸುರಿಯಬೇಕು. ಕಣಜ ತುಂಬಿ ಪರೀಕ್ಷೆ ಬರೆದು ನೌಕರಿ ಹಿಡಿದರೆ ಮನೆ ಉದ್ಧಾರ. ನಮ್ಮ ಮನೆಯ ಕಣಜ ನನ್ನ ಅಣ್ಣ ಸಂಗನಬಸು. ದಪ್ಪ ಮೈ, ಸಾವಕಾಶದ ನಡಿಗೆ. ಮನೆಯಲ್ಲಿರಲಿ ಹೊರಗಿರಲಿ, ಎಲ್ಲ ಕಣಜಗಳ ಹಾಗೆ ಬಾಯಿಗೆ ಕರವಸ್ತ್ರ ಕಟ್ಟಿರುತ್ತಾನೆ, ಮಾತಿನ ಭರದಲ್ಲಿ ಏನಾದರೂ ಸೋರಿಹೋಗಬಾರದೆಂದು. ಕಣಜಕ್ಕೆ ಗೆಳೆಯರಿರುವುದಿಲ್ಲ. ಹೆಣ್ಣನ್ನೂ ಯಾರೂ ಕೊಡುವುದಿಲ್ಲ. ಹೆಂಡತಿಯೆದುರು ಎಷ್ಟು ದಿನ ಬಾಯಿ ಕಟ್ಟಿಕೊಂಡಿರಲು ಬರುತ್ತದೆ?

ನಾನು ಎಂಟನೆಯ ಇಯತ್ತೆಯವರೆಗೆ ಶಾಲೆಗೆ ಹೋದೆ. ಹಗಲು ಶಾಲೆಯಲ್ಲಿ ತುಂಬಿಕೊಳ್ಳುವುದು, ಸಂಜೆ ಅಣ್ಣನ ಮುಂದೆ ಕೂತು ಸುರಿಯುವುದು. ಮರುದಿನ ಮೇಷ್ಟ್ರು ಕೇಳಿದರೆ ನನ್ನ ತಲೆ ತೊಳೆದ ಪಾಟಿಯಂತಿರುತ್ತಿತ್ತು. ಹೊಡೆಯುತ್ತಿದ್ದರು. ಯಾಕೆಂದು ಅವರಿಗೂ ಗೊತ್ತು. ಅವರ ಮನೆಯಲ್ಲೂ ಒಂದು ಕಣಜವಿತ್ತು. ಆದರೂ ಹೊಡೆಯುತ್ತಿದ್ದರು. ಕೊನೆಗೊಮ್ಮೆ, ನೀನು ಬಂದು ಬೆಂಚು ಸವೆಸುವುದಕ್ಕಿಂತ ಎಲ್ಲಾದರೂ ಕೆಲಸಕ್ಕೆ ಸೇರು ಎಂದರು. ಅಪ್ಪ ಅವರು ಹೇಳುವುದನ್ನೇ ಕಾಯುತ್ತಿದ್ದವನಂತೆ ನನ್ನನ್ನು ಗುಜರಿ ಅಂಗಡಿಗೆ ಬಿಟ್ಟುಬಂದ. ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಒಂದು ಬೆಂಕಿ ಕೂತಿದೆ. ಈ ಊರಿನಲ್ಲಿ ಬುದ್ಧಿವಂತ ಯಾರು, ದಡ್ಡ ಯಾರು ಎಂಬುದೆಲ್ಲ ಸುಳ್ಳು. ಕಿವಿ ಯಾರದು, ಬಾಯಿ ಯಾರದು ಎಂಬುದಷ್ಟೇ ಲೆಕ್ಕ. ನಾನು ಬಾಯಿಯಾಗಿ ಹುಟ್ಟಿದೆ.

ನಾನೊಬ್ಬನೇ ಅಲ್ಲ. ನನ್ನ ಅಪ್ಪ ಅಡಿವೆಪ್ಪ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹಾದಿ ಕೂಗುತ್ತಿದ್ದ. ಅವನು ಕೂಗಿದರೆ ಮಲಗಿದ್ದವರೂ ಎದ್ದು ಬಸ್ಸು ಹತ್ತುತ್ತಿದ್ದರು. ಒಂದು ವರ್ಷ ಪರೀಕ್ಷೆಯಲ್ಲಿ ಜಿಲ್ಲೆ ತಾಲೂಕುಗಳ ಮೇಲೆ ಬಹಳ ಪ್ರಶ್ನೆ ಬರುತ್ತವೆಂದು ಸುದ್ದಿಯಾಯಿತು. ಅಪ್ಪ ತನ್ನ ಊರುಗಳನ್ನೆಲ್ಲ ಒಂದೊಂದಾಗಿ ಅಣ್ಣನ ಕಿವಿಗೆ ಹೇಳಿದ. ಮರುದಿನ ಬಸ್ಸಿನ ಮುಂದೆ ನಿಂತು ಬಾಯಿ ತೆರೆದ, ಏನೂ ಬರಲಿಲ್ಲ. ಬರೀ ಹೋಯ್ ಹೋಯ್ ಎಂದು ಕೂಗಿದನಂತೆ. ಈಗ ಸೈಕಲ್ ಸ್ಟ್ಯಾಂಡ್ ಕಾಯುತ್ತಾನೆ. ಅವ್ವ ನೀಲವ್ವನಿಗೆ ಮಳೆಗಳ ಹೆಸರು ಗೊತ್ತಿದ್ದವು. ಯಾವ ಮಳೆಯ ಹಿಂದೆ ಯಾವ ಮಳೆ, ಯಾವುದು ಗಂಡು ಯಾವುದು ಹೆಣ್ಣು ಎಂದು ಅಂಗಳಕ್ಕೆ ಬಂದು ಗಾಳಿಯ ವಾಸನೆ ಹಿಡಿದೇ ಹೇಳುತ್ತಿದ್ದಳು. ನಕ್ಷತ್ರಗಳ ಮೇಲೆ ಒಂದು ಮಾರ್ಕು ಇರುತ್ತದೆಂದು ಅವನ್ನೂ ಕೊಟ್ಟಳು. ಈಗ ಹನಿ ಬಿದ್ದರೆ, ಹೊರಗೆ ಏನೋ ಸಪ್ಪಳ ಆಗ್ತೈತಿ ನೋಡು ಎನ್ನುತ್ತಾಳೆ.

ಇಷ್ಟೆಲ್ಲ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ? ಅದನ್ನೂ ಹೇಳಬೇಕು. ಪರೀಕ್ಷೆಯಲ್ಲಿ ಸರಿಯುತ್ತರದ ವೃತ್ತವನ್ನು ಪೆನ್ನಿನಿಂದ ಕಪ್ಪು ಮಾಡಿದ ಕೂಡಲೇ ಆ ಉತ್ತರ ಬರೆದವನನ್ನೂ ಬಿಟ್ಟು ಸರಕಾರಕ್ಕೆ ಹೋಗುತ್ತದೆ. ಪರೀಕ್ಷೆ ಮುಗಿದ ದಿನ ಕಣಜಗಳು ಖಾಲಿಯಾಗಿ ಹೊರಬರುತ್ತವೆ, ಮನೆಯವರು ಗೇಟಿನಲ್ಲಿ ನಿಂತು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಪಾಸಾದರೆ ಸರಿ. ಇಲ್ಲದಿದ್ದರೆ ಮತ್ತೆ ಮೊದಲಿನಿಂದ ತುಂಬಬೇಕು. ಅಣ್ಣನನ್ನು ನಾವು ಹಾಗೆ ಎಷ್ಟೋ ಸಲ ತುಂಬಿದೆವು. ಹೋದ ಸಲ ಒಂದೇ ಒಂದು ಮಾರ್ಕಿನಲ್ಲಿ ಹೋಯಿತು. ಈ ವರ್ಷ ಅವನ ವಯಸ್ಸಿನ ಮಿತಿ ಮುಗಿಯುತ್ತಿತ್ತು, ಇದೇ ಕೊನೆಯ ಸಲ. ಅಪ್ಪ ಅದನ್ನು ದಿನಾ ನೆನಪಿಸುತ್ತಿದ್ದ. ಅಣ್ಣನಿಗಲ್ಲ, ನನಗೆ. ಅಣ್ಣನ ವಯಸ್ಸು ಮುಗಿಯುವುದು ನನ್ನ ತಪ್ಪು ಎಂಬ ಹಾಗೆ.

ಸಂಜೆ ಇಂಗ್ಲಿಷಿನ ಅಭ್ಯಾಸ. ಅದು ಒಬ್ಬರಿಂದ ಆಗುವ ಕೆಲಸವಲ್ಲ, ಎದುರಿಗೊಬ್ಬರು ಬೇಕು. ನಾನು ಒಂದು ವಾಕ್ಯ ಹೇಳಿದರೆ ಅದು ಅಣ್ಣನದಾಗುತ್ತದೆ. ಅವನು ಅದನ್ನೇ ತಿರುಗಿ ಹೇಳಿದರೆ ನನ್ನದಾಗುತ್ತದೆ. ಚೆಂಡಾಟದ ಹಾಗೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ. ನಾಲಿಗೆ ಹೊರಳಿ ಪಳಗಿದ ಮೇಲೆ ಕೊನೆಯ ಸಲ ನಾನು ಹೇಳಿ ಸುಮ್ಮನಾಗಬೇಕು. ಕೊನೆಯ ವಾಕ್ಯ ಯಾವಾಗಲೂ ಕಣಜದಲ್ಲಿ ಉಳಿಯಬೇಕು. ಪೇಟೆಯ ಟ್ಯುಟೋರಿಯಲ್‌ನಲ್ಲಿ ಇದೇ ವಿಷಯಕ್ಕೆ ಹೊಡೆದಾಟಗಳಾಗಿವೆ. ಕೊನೆಗೆ ಹೇಳಿದ್ದು ನಾನೋ ನೀನೋ ಎಂದು ಇಬ್ಬರು ಜುಟ್ಟು ಹಿಡಿದುಕೊಂಡು, ಯಾವ ವಾಕ್ಯಕ್ಕಾಗಿ ಜಗಳ ಎಂಬುದೇ ಇಬ್ಬರಿಗೂ ಗೊತ್ತಿರದೆ ನಿಂತದ್ದನ್ನು ನಾನೇ ನೋಡಿದ್ದೇನೆ. ನಮ್ಮ ಮನೆಯಲ್ಲಿ ಹೊಡೆದಾಟವಿಲ್ಲ. ವಾಕ್ಯ ನನ್ನ ಬಾಯಲ್ಲಿರುವ ಆ ಸ್ವಲ್ಪ ಹೊತ್ತು ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ, ಅಷ್ಟೇ. ಆಮೇಲೆ ಕೊಟ್ಟುಬಿಡುತ್ತಿದ್ದೆ.

ಪರೀಕ್ಷೆ ಹತ್ತಿರ ಬಂದ ದಿನಗಳಲ್ಲಿ ಒಂದು ಸಂಜೆ ನನ್ನ ವಯಸ್ಸಿನ ವಿಷಯಕ್ಕೆ ದಾದಾಪೀರಣ್ಣನ ಜೊತೆ ಮಾತಿಗೆ ಮಾತು ಬೆಳೆದು ಸಿಟ್ಟಿನಲ್ಲೇ ಮನೆಗೆ ಬಂದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಅಣ್ಣ ಒಳಕೋಣೆಯಲ್ಲಿ. ನಾನು ಅವ್ವನ ಹತ್ತಿರ ಕೂತು, ನಾನು ಹುಟ್ಟಿದ ದಿನ ಯಾವುದು ಎಂದು ಕೇಳಿದೆ. ಶಾಲೆಯ ದಾಖಲೆಯಲ್ಲಿ ಜೂನ್ ಒಂದು ಎಂದಿದೆ, ಆದರೆ ನಮ್ಮೂರಲ್ಲಿ ಎಲ್ಲರೂ ಜೂನ್ ಒಂದರಂದೇ ಹುಟ್ಟಿದ್ದಾರೆ. ಹೆಡ್‌ಮಾಸ್ತರರಿಗೆ ಅದು ಬರೆಯಲು ಸುಲಭ.

"ನನ್ನ ಹಡದೀಯೋ, ಗುಜರಿ ಚೀಲದಾಗ ಸಿಕ್ಕಿದ್ನೋ? ಅದನ್ನರ ಹೇಳು," ಎಂದೆ.

"ಮೂಳ. ಎಂಥಾ ಮಾತಾಡ್ತಿ," ಎಂದು ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಕೆನ್ನೆ ತಿವಿದು ಹೇಳತೊಡಗಿದಳು.

ಅವಳು ಏನು ಹೇಳಿದಳೆಂದು ಇಲ್ಲಿ ಬರೆಯಲಾರೆ. ಅದು ಈಗ ನನ್ನಲ್ಲಿಲ್ಲ. ಹೇಳುತ್ತ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು ನೆನಪಿದೆ. ನಡುವೆ ತುಂಬ ನಕ್ಕಳು. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೇಳುತ್ತ ಕೇಳುತ್ತ ನನ್ನ ಮೈಯೆಲ್ಲ ಹಗುರಾಯಿತು, ಹೊಟ್ಟೆಯ ಬೆಂಕಿ ಅಷ್ಟು ಹೊತ್ತು ಎಲ್ಲೋ ಎದ್ದುಹೋಗಿತ್ತು. ನನ್ನ ಹುಟ್ಟಿನ ನಡುವೆ ದೊಡ್ಡದೇನೋ ಬಂದಿತ್ತು, ಊರಿನದೋ ದೇಶದ್ದೋ. ಇಲ್ಲದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅವ್ವ ತಟ್ಟನೆ ಸುಮ್ಮನಾಗಿ ನನ್ನ ಮುಖ ನೋಡಿದಳು. ಯಾರ ಮನೆಯ ಹುಡುಗನೋ ಎಂಬಂತೆ ನೋಡಿದಳು.

"ಏನ್ ಹೇಳಾಕ್ಹತ್ತಿದ್ನಿ ನಾ ಈಗ?" ಎಂದಳು.

ನಮ್ಮೂರಲ್ಲಿ ಈ ಮಾತಿಗಿಂತ ದೊಡ್ಡ ಸಂತೋಷದ ಮಾತಿಲ್ಲ. ಹೇಳಿದ್ದು ಹೇಳಿದವರಿಂದ ಹೋಯಿತೆಂದರೆ ಅದು ಪರೀಕ್ಷೆಗೆ ಬರುವಂಥದ್ದು ಎಂದು ಖಾತ್ರಿ. ಪರೀಕ್ಷೆಯ ವಾರದಲ್ಲಿ ಜನ ಬೇಕೆಂದೇ ಒಬ್ಬರಿಗೊಬ್ಬರು ಏನೇನೋ ಹೇಳಿ ಯಾವುದು ಹೋಗುತ್ತದೆಂದು ನೋಡುತ್ತಾರೆ. ಒಮ್ಮೆ ಕಾಯಿಪಲ್ಲೆ ಮಾರುವವಳಿಗೆ ಉಳ್ಳಾಗಡ್ಡಿಯ ದರವೇ ಮರೆತುಹೋದಾಗ, ಅರ್ಥಶಾಸ್ತ್ರದಲ್ಲಿ ಉಳ್ಳಾಗಡ್ಡಿ ಬರುತ್ತದೆ ಎಂದು ಪೇಟೆಯವರು ಪಟಾಕಿ ಹೊಡೆದಿದ್ದರು. ಅಪ್ಪ ಕಟ್ಟೆಯಿಂದ ಹಾರಿ ಒಳಗೆ ಬಂದ. ಪಕ್ಕದ ಮನೆಯ ಸಾವಂತ್ರೆವ್ವ ಕೂಡ ಅವ್ವನ ಆ ಒಂದು ಮಾತನ್ನು ಗೋಡೆಯಾಚೆ ಕೇಳಿಸಿಕೊಂಡು, ತಮ್ಮ ಕಣಜವಾದ ಮಗಳನ್ನು ಕರೆದುಕೊಂಡೇ ಬಾಗಿಲಿಗೆ ಬಂದುಬಿಟ್ಟಿದ್ದಳು. ಅಪ್ಪ ಅವರ ಮುಖಕ್ಕೇ ಬಾಗಿಲು ಹಾಕಿದ.

"ಇಸವಿ ಪ್ರಶ್ನಿ ಅದು. ಇವ ಹುಟ್ಟಿದ ಹೊತ್ತಿಗೆ ಏನೋ ಆಗೇತಿ ನೋಡು, ಅದನ್ನ ಕೇಳ್ತಾರ," ಎಂದು ಅಪ್ಪ ನನ್ನ ಭುಜ ಹಿಡಿದ. ಅವನು ನನ್ನನ್ನು ಅಷ್ಟು ಪ್ರೀತಿಯಿಂದ ಮುಟ್ಟಿ ಎಷ್ಟು ವರ್ಷವಾಗಿತ್ತೋ. "ಹೋಗು, ಸಂಗ್ಯಾಗ ಹೇಳಿ ಬಾ."

ನಾನು ಹೇಳುವುದಿಲ್ಲ ಎಂದೆ.

ಅಪ್ಪ ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡ. ಆಮೇಲೆ ನಗು ನಿಂತಿತು. ಒಂದು ಮಾರ್ಕಿನ ಮಾತು ತೆಗೆದ, ವಯಸ್ಸಿನ ಮಿತಿಯ ಮಾತು ತೆಗೆದ, ತಾನು ಕಳೆದುಕೊಂಡ ಬಸ್‌ಸ್ಟ್ಯಾಂಡಿನ ಮಾತು ತೆಗೆದ. ನಾನು ಭೂಗೋಳ ಕೊಟ್ಟೆ, ವಿಜ್ಞಾನ ಕೊಟ್ಟೆ, ಶಾಲೆ ಕೊಟ್ಟೆ, ಇದನ್ನು ಕೊಡುವುದಿಲ್ಲ ಎಂದೆ.

"ಅವ ಬರದ ಮ್ಯಾಲೆ ಅದು ಸರಕಾರಕ್ಕ ಹೊಕ್ಕೈತಿ. ಆಮ್ಯಾಲೆ ಈ ಮನ್ಯಾಗ ಯಾರಿಗೂ ನಾ ಹುಟ್ಟಿದ್ದು ಗೊತ್ತಿರಂಗಿಲ್ಲ. ಹುಟ್ಟೇ ಇಲ್ಲದಾಂವ ನಿಮಗ್ಯಾಕ ದುಡದು ಹಾಕ್ಬೇಕು?"

ಅಪ್ಪ ಕೈಯೆತ್ತಿದ. ಹೊಡೆಯಲಿಲ್ಲ, ಹೊಡೆದರೆ ಇನ್ನೂ ಬಾಯಿ ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಣ್ಣ ಒಳಕೋಣೆಯ ಬಾಗಿಲಲ್ಲಿ ಕರವಸ್ತ್ರ ಕಟ್ಟಿಕೊಂಡು ನಿಂತು ಎಲ್ಲವನ್ನೂ ಕೇಳಿದ, ಆಮೇಲೆ ಒಳಗೆ ಹೋದ.

ಮುಂದಿನ ದಿನಗಳಲ್ಲಿ ನನ್ನನ್ನು ಸುಟ್ಟದ್ದು ಅಪ್ಪನ ಮಾತಲ್ಲ. ಅವ್ವ. ನಾನು ಅವಳ ಮಗ ಎಂಬುದು ಅವಳಿಗೆ ಗೊತ್ತಿತ್ತು, ಆದರೆ ಹೆತ್ತದ್ದು ಗೊತ್ತಿರಲಿಲ್ಲ. ಯಾರೋ ಹೇಳಿದ್ದನ್ನು ನಂಬಿಕೊಂಡವಳಂತೆ ಇರುತ್ತಿದ್ದಳು. ಮೂಳ, ಹಲ್ಕಟ್ ಎಂದು ಬಯ್ಯದೆ ನನಗೊಂದು ಹೊತ್ತು ಬಡಿಸಿದವಳಲ್ಲ, ಈಗ ತಾಟಿನ ಅಂಚು ಒರೆಸಿ ಮುಂದಿಟ್ಟು, "ಇನ್ನೊಂದು ಹಾಕ್ಲೇನಪಾ? ಬೇಕಾದ್ರ ಕೇಳು, ನಾಚಬ್ಯಾಡ," ಎನ್ನುತ್ತಿದ್ದಳು. ಒಂದು ದಿನ ನಾನು ಬಚ್ಚಲಿನಿಂದ ಬರುವಾಗ ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟಳು. ಅವಳಿಗೇ ತಿರುಗಿ ಹೇಳಿಬಿಡೋಣವೆಂದರೆ, ಹೇಳಿದ ಮರುಗಳಿಗೆ ಅದನ್ನು ಅಣ್ಣನ ಕಿವಿಗೆ ಸುರಿದುಬಿಡುತ್ತಾಳೆ. ಅವಳು ಯಾವುದನ್ನು ತನಗೆಂದು ಇಟ್ಟುಕೊಂಡವಳು? ಸಾವಂತ್ರೆವ್ವ ಬೇರೆ ದಿನಾ ಏನಾದರೊಂದು ಬಟ್ಟಲಲ್ಲಿ ತಂದು, ನಮ್ಮ ಸುನಂದಾಗಾದರೂ ಹೇಳಪ್ಪ, ನಿಮ್ಮ ಮನೆಯಲ್ಲಿ ಕೊಡಲು ಮನಸ್ಸಿಲ್ಲದಿದ್ದರೆ ಎಂದು ಹಲ್ಲು ಕಿರಿಯುತ್ತಿದ್ದಳು. ನಾನು ಅವಳ ಪಾಯಸ ಉಂಡು ಬಟ್ಟಲು ತೊಳೆದು ವಾಪಸು ಕೊಡುತ್ತಿದ್ದೆ.

ಇಷ್ಟರ ನಡುವೆಯೂ ಇಂಗ್ಲಿಷಿನ ಅಭ್ಯಾಸ ನಿಂತಿರಲಿಲ್ಲ. ಅಪ್ಪನ ಮೇಲಿನ ಸಿಟ್ಟಿಗೆ ಅದನ್ನೂ ಬಿಡಬೇಕೆಂದಿದ್ದೆ, ಆದರೆ ಆ ಸ್ವಲ್ಪ ಹೊತ್ತಿನ ಇಂಗ್ಲಿಷ್ ಬಿಡಲು ನನಗೇ ಆಗಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಅಣ್ಣ ಪರಿಚಯದ ಪಾಠ ತೆಗೆದ. ನಿನ್ನ ಹೆಸರೇನು, ತಂದೆಯ ಹೆಸರೇನು, ಯಾವಾಗ ಹುಟ್ಟಿದೆ, ಏನು ಕೆಲಸ, ಯಾವ ಊರು, ಹೀಗೆ ಸಾಗುತ್ತದೆ ಅದು. ಆ ಇಂಗ್ಲಿಷ್ ವಾಕ್ಯಗಳು ಈಗ ನನ್ನಲ್ಲಿಲ್ಲ, ಅವುಗಳ ಸಾಲು ಮಾತ್ರ ನೆನಪಿದೆ. ಅಣ್ಣ ಹೆಸರು ಕೇಳಿದ, ಹೇಳಿದೆ. ತಂದೆಯ ಹೆಸರು ಕೇಳಿದ, ಹೇಳಿದೆ. ಆಮೇಲೆ ಏನು ಕೆಲಸ ಎಂದು ಕೇಳಿದ.

ನಾನು ಸುಮ್ಮನೆ ಕೂತೆ. ಅವನು ಮತ್ತೆ ಏನು ಕೆಲಸ ಎಂದು ಕೇಳಿದ.

"ನಡುವ ಒಂದು ಬಿಟ್ಟಿ," ಎಂದೆ.

ಅವನು ಇಲ್ಲವೆಂದು ತಲೆಯಾಡಿಸಿದ.

"ಬಿಟ್ಟಿ. ಹುಟ್ಟಿದ್ದು ಕೇಳೋದು ಬಿಟ್ಟಿ."

ಅಣ್ಣ ಕರವಸ್ತ್ರ ಕೆಳಗಿಳಿಸಿದ. ಬಟ್ಟೆಯ ಅಂಚು ಒತ್ತಿ ಅವನ ಎರಡೂ ಕೆನ್ನೆಗಳ ಮೇಲೆ ಗೆರೆ ಬಿದ್ದಿದ್ದವು, ಎಷ್ಟೋ ವರ್ಷಗಳ ಗೆರೆ. "ಅಪ್ಪ ಅದನ್ನ ಕೇಳಂದಿದ್ದ. ಬಾಯಿ ತಪ್ಪಿ ನೀ ಹೇಳಿಬಿಡ್ತಿ ಅಂತ. ನಾ ಕೇಳಂಗಿಲ್ಲ. ಅದೊಂದರ ನಿಂದು ನಿನಗ ಇರ್ಲಿ."

ಬೇರೆಯವರಾಗಿದ್ದರೆ ಆ ಮಾತಿಗೆ ಕರಗುತ್ತಿದ್ದರೇನೋ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನನ್ನನ್ನು ಬರಿದು ಮಾಡಿಕೊಂಡು ಕೂತವನು ಇವತ್ತು ಒಂದು ತುತ್ತು ತಾಟಿನಲ್ಲಿ ಬಿಟ್ಟು, ತಿನ್ನು ಎನ್ನುತ್ತಿದ್ದಾನೆ. ನನ್ನದನ್ನು ನನಗೇ ದಾನ ಮಾಡುತ್ತಿದ್ದಾನೆ. ಕಸಿದುಕೊಂಡಿದ್ದರೆ ಅವನ ಕೊರಳು ಹಿಡಿಯಬಹುದಿತ್ತು. ಕೈಬಿಟ್ಟವನನ್ನು ಏನು ಮಾಡುವುದು?

"ಯಾರಿಗೆ ಬೇಕಲೇ ನಿನ್ನ ಕರುಣಾ? ತಗೋ," ಎಂದೆ. ಅವನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡು ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟೆ. ಅವನು ಕಿವಿ ಮುಚ್ಚಿಕೊಳ್ಳಲು ನೋಡಿದ, ನಾನು ಅವನ ಕೈ ಕಿತ್ತು ಹೇಳಿದೆ. ಕೊನೆಯ ಶಬ್ದ ಬಾಯಿಂದ ಹೋದಮೇಲೆ ನಾನು ಯಾಕೆ ಅವನ ಅಂಗಿ ಹಿಡಿದು ನಿಂತಿದ್ದೇನೆಂದು ಒಂದು ಕ್ಷಣ ತಿಳಿಯಲಿಲ್ಲ. ಅಣ್ಣ ಅಳುತ್ತಿದ್ದ. ಯಾಕೆ ಅಳುತ್ತಾನೆ, ನನ್ನ ಹುಟ್ಟಿನಲ್ಲಿ ಅಳುವಂಥದ್ದೇನಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಂಗಳಕ್ಕೆ ಬಂದು ಅಪ್ಪನಿಗೆ, ಕೊಟ್ಟೆ ಹೋಗು ಎಂದೆ. ಅಪ್ಪ ಎರಡೂ ಕೈ ಜೋಡಿಸಿ ಆಕಾಶ ನೋಡಿದ. ನನ್ನ ಕಡೆ ನೋಡಲಿಲ್ಲ.

ಪರೀಕ್ಷೆಯ ದಿನ ಊರು ಸದ್ದಿಲ್ಲದೆ ಇರುತ್ತದೆ. ಅವತ್ತು ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಹಾಲಿನವನು ಕೂಡ ಪಾತ್ರೆ ತೋರಿಸಿ ಸನ್ನೆ ಮಾಡುತ್ತಾನೆ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನ ಮುಂದೆ ನಿಂತಿದ್ದ, ನಾನು ಅವನ ಹಿಂದೆ. ಗಂಟೆ ಹೊಡೆದಮೇಲೆ ಕಣಜಗಳು ಹೊರಗೆ ಬರತೊಡಗಿದವು. ಕರವಸ್ತ್ರಗಳನ್ನು ಕೈಯಲ್ಲಿ ಹಿಡಿದುಕೊಂಡಿದ್ದವು, ಇನ್ನು ಅವುಗಳ ಕೆಲಸವಿರಲಿಲ್ಲ. ಸಾವಂತ್ರೆವ್ವನ ಸುನಂದಾ ಹೊರಗೆ ಬಂದವಳು ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತಳು. ಸಾವಂತ್ರೆವ್ವ ಹೋಗಿ, ಮೂಡಣ ದಿಕ್ಕು ಈ ಕಡೆ, ಬಾ ಮಗಳೇ ಎಂದು ರಟ್ಟೆ ಹಿಡಿದು ಕರೆದೊಯ್ದಳು. ಬಹಳ ಹೊತ್ತಾದಮೇಲೆ ಅಣ್ಣ ಬಂದ. ಮುಖ ಬಿಳಿಚಿತ್ತು. ಆದರೆ ಕರವಸ್ತ್ರ ಬಾಯಿಗೇ ಕಟ್ಟಿತ್ತು.

"ಬಂದಿತ್ತೇನಪಾ?" ಎಂದ ಅಪ್ಪ.

ಅಣ್ಣ ಗೋಣು ಹಾಕಿದ. ಬಂದಿತ್ತು.

ಅಪ್ಪನ ಮುಖ ಅರಳಿತು. ಆಮೇಲೆ ಆ ಕರವಸ್ತ್ರ ನೋಡಿದ, ನೋಡಿ ಅರ್ಥವಾಗತೊಡಗಿತು. ಖಾಲಿಯಾದವನು ಯಾಕೆ ಬಾಯಿ ಕಟ್ಟಿಕೊಳ್ಳುತ್ತಾನೆ?

"ಬಿಟ್ಟ ಬಂದೆ," ಎಂದ ಅಣ್ಣ ಬಟ್ಟೆಯೊಳಗಿಂದ.

ಅಪ್ಪ ಇಸ್ತ್ರಿ ಅಂಗಿಯಲ್ಲೇ ರಸ್ತೆಯ ಬದಿ ಕುಕ್ಕರಿಸಿದ. ನಾನು ಅಣ್ಣನ ಎದೆಗೆ ಎರಡೂ ಕೈಯಿಂದ ನೂಕಿದೆ. ಅವನು ಕದಲಲಿಲ್ಲ, ಅಷ್ಟು ದಪ್ಪ ಮೈ. ನಿನಗೆ ಬಿಡು ಎಂದು ಯಾರು ಹೇಳಿದ್ದರು ಎಂದು ಬೈದೆ. ಕೊಟ್ಟದ್ದನ್ನು ಖರ್ಚು ಮಾಡಲೂ ಬಾರದವನು ನೀನು ಎಂದೆ. ಇನ್ನೂ ಏನೇನೋ ಅಂದೆ, ಅವನ್ನೆಲ್ಲ ಬರೆಯುವುದಿಲ್ಲ.

ಅಣ್ಣ ಸಾವಕಾಶ ಹೇಳಿದ. "ಎಲ್ಲಾ ಕೊಟ್ಟೆ ತಮ್ಮಾ. ಅಪ್ಪನ ಊರು ಕೊಟ್ಟೆ. ಅವ್ವನ ಮಳಿ ಕೊಟ್ಟೆ. ನಿನ್ನ ಕೂಡ ಆಡಿದ ಇಂಗ್ಲಿಷ್ ಒಂದೂ ಉಳಸ್ಲಿಲ್ಲ. ಅದರ ಹತ್ರ ಬಂದೆ. ನಾಕು ಉತ್ತರ ಇದ್ವು. ಅದರಾಗೊಂದರಾಗ ನೀ ಇದ್ದಿ. ಪೆನ್ನು ಊರಾಕ ಆಗ್ಲಿಲ್ಲ."

ಒಂದು ಮಾರ್ಕು ಏನು ಮಾಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಫಲಿತಾಂಶದ ಮಾತನ್ನು ನಾನು ಮುಂದೆ ಎತ್ತುವುದಿಲ್ಲ. ಗೇಟಿನ ಮುಂದೆ ಅಪ್ಪ ಕುಕ್ಕರಿಸಿದಾಗಲೇ ಅದು ಬಂದುಹೋಗಿತ್ತು. ಈಗ ಅಣ್ಣ ದಾದಾಪೀರಣ್ಣನ ಅಂಗಡಿಯಲ್ಲಿ ನನ್ನ ಜೊತೆಗೇ ಹಾಳೆ ಬಿಡಿಸುತ್ತಾನೆ. ಅವನ ಕೈ ನಿಧಾನ, ನನಗೆ ಅದಕ್ಕೂ ಸಿಟ್ಟು ಬರುತ್ತದೆ.

ಅವತ್ತು ಅವನಿಗೆ ಮನೆಯ ದಾರಿ ಸರಿಯಾಗಿ ಹೊಳೆಯುತ್ತಿರಲಿಲ್ಲ. ಅಪ್ಪ ಎಷ್ಟು ಕರೆದರೂ ಏಳಲಿಲ್ಲ, ನೀವು ನಡೆಯಿರಿ ಎಂದು ಕೈಬೀಸಿದ. ನಾನು ಅಣ್ಣನ ಮುಂಗೈ ಹಿಡಿದು ಎಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವನ ಕೈಯನ್ನು ಬಿಡಲಿಲ್ಲ.

ಅವ್ವ ಬಾಗಿಲಲ್ಲೇ ಇದ್ದಳು. ಅಣ್ಣನಿಗೆ ನೀರು ಕೊಟ್ಟಳು. ನನ್ನ ಕಡೆ ತಿರುಗಿ, "ನೀವೂ ಕುಡೀರಿ," ಎಂದಳು. ಅಂದದ್ದು ತಪ್ಪಾಯಿತೆಂದು ಅವಳಿಗೂ ಅನಿಸಿರಬೇಕು, ಗಾಬರಿಯಾಗಿ ಚೊಂಬನ್ನೇ ನೋಡುತ್ತ ನಿಂತಳು.

ಅಣ್ಣ ಕರವಸ್ತ್ರ ಬಿಚ್ಚಿದ. ಹಿಂದಿನ ಗಂಟು ಬಿಗಿದುಕೊಂಡಿತ್ತು, ಹಲ್ಲು ಕಚ್ಚಿ ಕಿತ್ತ. "ನಿನಗ ಹೇಳ್ಲೋ, ಅವ್ವಗ ಹೇಳ್ಲೋ? ನಿಂದು ಅದು. ನೀನ ಹೇಳು," ಎಂದ.

ನನಗೇ ಹೇಳು ಎಂದು ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ಬರಬಾರದು? ಈ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ. ಅದನ್ನು ಬಚ್ಚಿಟ್ಟುಕೊಂಡು ಓಡಾಡಬಹುದಿತ್ತು, ರಟ್ಟು ಹರಿಯುವಾಗ ಒಳಗೊಳಗೇ ನೋಡಿಕೊಂಡು ನಗಬಹುದಿತ್ತು. ಅಣ್ಣನ ಪರೀಕ್ಷೆಗಳು ಮುಗಿದಿದ್ದವು, ಇನ್ನು ಮನೆಯಲ್ಲಿ ಯಾರೂ ಅದನ್ನು ಕೇಳುತ್ತಿರಲಿಲ್ಲ. ಆದರೆ ಅವ್ವ ಆ ಚೊಂಬನ್ನು ಅತಿಥಿಗೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು.

"ಅಕೀ ಹಡದಾಕಿ. ಅಕಿಗೇ ಹೇಳು," ಎಂದೆ.

ಅಣ್ಣ ಅವಳನ್ನು ಒಲೆಯ ಹತ್ತಿರ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳತೊಡಗಿದ. ನಾನು ಬಾಗಿಲಲ್ಲಿ ನಿಂತೆ. ಪಿಸುಮಾತು ಕೇಳುವಷ್ಟು ಹತ್ತಿರವಲ್ಲ, ಆದರೂ ಹಿಂದೆ ಸರಿದು ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಮಾತು ಮುಗಿಸಿ, ತಾನು ಅಲ್ಲಿ ಯಾಕೆ ಬಗ್ಗಿ ನಿಂತಿದ್ದೇನೆಂದು ತಿಳಿಯದೆ ಸುತ್ತ ನೋಡಿ ಗೋಡೆಗೊರಗಿ ಕೂತ. ಅವನ ಕೆನ್ನೆಯ ಗೆರೆಗಳು ಕೆಂಪಾಗಿದ್ದವು. ಅವ್ವ ನನ್ನ ಕಡೆ ತಿರುಗಿದಳು. ಕಾಲಿನಿಂದ ತಲೆಯವರೆಗೆ ನೋಡಿದಳು. ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಆಮೇಲೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

"ಮೂಳ, ಅಲ್ಲೇನ್ ನಿಂತೀ, ಇಲ್ಲಿ ಬಾ. ನೀ ಹುಟ್ಟಿದ ದಿನ," ಎಂದು ಶುರುಮಾಡಿಯೇಬಿಟ್ಟಳು.

ನಾನು ಓಡಿಹೋಗಿ ಅವಳ ಬಾಯಿ ಮುಚ್ಚಿದೆ. ಬೈಂಡಿಂಗಿನ ಅಂಟು ಸರೇಸಿನ ವಾಸನೆಯ ಕೈ. ಅವಳು ಬಿಡಿಸಿಕೊಳ್ಳಲು ನೋಡಿದಳು, ಹೇಳಲೇಬೇಕೆಂದು ತಲೆ ಅತ್ತಿತ್ತ ಮಾಡಿದಳು. ನಾನು ಬಿಡಲಿಲ್ಲ. ಅವಳ ನಗು ನನ್ನ ಅಂಗೈಗೆ ಬಿಸಿಯಾಗಿ ತಾಗುತ್ತಿತ್ತು.